ವೇದಿಕೆಗಿಂತ ಮೊದಲು ಬ್ಯುರೆಟ್ ನೋಡಿ

ಅವತ್ತು ಜಿಲ್ಲೆಯ ರಸಾಯನಶಾಸ್ತ್ರ ಉಪನ್ಯಾಸಕರ ಸಮ್ಮೇಳನ. ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ ಬ್ಯುರೆಟ್ ಇತ್ತು, ಅಳೆದು ಹಾಕುವ ಪಿಪೆಟ್ ಇತ್ತು, ನಲವತ್ತು ಮಂದಿ ಉಪನ್ಯಾಸಕರೂ ಇದ್ದರು. ಬಣ್ಣ ನಿಲ್ಲುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬಿಟ್ಟು ಅಳೆಯುವ ಟೈಟ್ರೇಷನ್ ಮಾತ್ರ ಆಗಲಿಲ್ಲ. ಪಕ್ಕದ ಕಾಲೇಜೊಂದರಿಂದ ಎರವಲು ತಂದ ಪೆಟ್ಟಿಗೆ ಬಿಚ್ಚಿದರೆ, ಬ್ಯುರೆಟ್‌ಗಳೆಲ್ಲ ಹಳೇ ನಮೂನೆಯವು. ತಳದಲ್ಲಿ ರಬ್ಬರ್ ಕೊಳವೆ, ಅದಕ್ಕೊಂದು ಕ್ಲಿಪ್. ನಾವು ಮಾಡಬೇಕಿದ್ದದ್ದೋ ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್. ಪರ್ಮಾಂಗನೇಟ್ ರಬ್ಬರನ್ನು ತಿನ್ನುತ್ತದೆ, ತಿನ್ನುತ್ತಾ ತನ್ನ ಸಾಂದ್ರತೆಯನ್ನೂ ಕಳೆದುಕೊಳ್ಳುತ್ತದೆ. ಇದನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುವವರೇ ನಾವು. ‘ಎಷ್ಟು ಬ್ಯುರೆಟ್ ಇವೆ ಸಾರ್?’ ಅಂತ ಫೋನಿನಲ್ಲಿ ಕೇಳಿದ್ದೆ. ಎಂಥವು ಅಂತ ಕೇಳಿರಲಿಲ್ಲ. ತಪ್ಪು ನನ್ನದೇ.

ಅಂದಿನಿಂದ, ಸಮ್ಮೇಳನ ಅಂದ ಕೂಡಲೇ ನಾನು ಮೊದಲು ಹೋಗಿ ನೋಡುವುದು ಲ್ಯಾಬನ್ನು. ಸಭಾಂಗಣ, ಮೈಕು, ಬ್ಯಾನರ್ ಎಲ್ಲ ಆಮೇಲೆ. ಮೈಕು ಕೈಕೊಟ್ಟರೆ ಜೋರಾಗಿ ಮಾತಾಡಿ ಸುಧಾರಿಸಬಹುದು. ದ್ರಾವಣ ಕೈಕೊಟ್ಟರೆ ಸುಧಾರಿಸಲು ಆಗಲ್ಲ.

ದಿನಾಂಕದ ವಿಷಯಕ್ಕೆ ಬರೋಣ. ಪಿಯು ಕಾಲೇಜಿನ ವರ್ಷದಲ್ಲಿ ನಮಗೆ ಸಿಗುವ ಕಿಂಡಿ ಸಣ್ಣದು. ದಸರಾ ಹತ್ತಿರ ಬಂದಂತೆ ಮಧ್ಯಾವಧಿ ಪರೀಕ್ಷೆ, ರಜೆ. ಹೊಸ ವರ್ಷ ಬಂತೆಂದರೆ ಪ್ರಾಯೋಗಿಕ ಪರೀಕ್ಷೆಯ ಓಡಾಟ, ಹಿಂದೆಯೇ ವಾರ್ಷಿಕ ಪರೀಕ್ಷೆ, ಮೌಲ್ಯಮಾಪನ. ನನ್ನ ಆಯ್ಕೆ ಆಷಾಢ. ನಗಬೇಡಿ. ಆಷಾಢದಲ್ಲಿ ಮದುವೆ ಇರುವುದಿಲ್ಲ. ಛತ್ರ ಖಾಲಿ, ಅಡುಗೆಯವರು ಬಿಡುವಾಗಿರುತ್ತಾರೆ, ‘ನಮ್ಮ ತಂಗಿ ಮಗಳ ಮದುವೆ’ ಅಂತ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ತೊಂದರೆ ಇರುವುದು ಮಲೆನಾಡಿನ ಕಡೆಯವರಿಗೆ. ಮಳೆಗೆ ರಜೆ ಕೊಟ್ಟರೆ ಅದನ್ನು ಶನಿವಾರಗಳಲ್ಲಿ ತುಂಬಿಸಬೇಕಾಗುತ್ತದೆ, ಅವರಿಗೆ ಬರಲಾಗುವುದಿಲ್ಲ. ಹಾಗಾಗಿ ದಿನ ಗೊತ್ತುಮಾಡುವ ಮೊದಲು ಸಕಲೇಶಪುರ ಕಡೆಯ ಇಬ್ಬರನ್ನಾದರೂ ಕೇಳುತ್ತೇನೆ. ಆಗಸ್ಟ್ 2ಕ್ಕೇ ಆಗಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. 1861ರಲ್ಲಿ ರಸಾಯನ ವಿಜ್ಞಾನಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಹುಟ್ಟಿದ ದಿನ ಅದು. ಶನಿವಾರ ಬಿದ್ದರೆ ಸಂತೋಷ. ವಾರದ ನಡುವೆ ಬಿದ್ದರೆ ರಾಯರಿಗೆ ಕೈಮುಗಿದು ಮುಂದಿನ ಶನಿವಾರ ಹಿಡಿಯಿರಿ. ಓಓಡಿ ಆದೇಶ, ಅಂದರೆ ಅವತ್ತು ಕಾಲೇಜು ಬಿಟ್ಟು ಇಲ್ಲಿರುವುದೂ ಕರ್ತವ್ಯವೇ ಅನ್ನುವ ಆದೇಶ, ಮಾತ್ರ ಮೊದಲೇ ಬಂದಿರಬೇಕು. ಅದಿಲ್ಲದೆ ಪ್ರಾಂಶುಪಾಲರು ಯಾರನ್ನೂ ಬಿಡಲ್ಲ, ಬಿಡಲೂಬಾರದು.

ಈಗ ಲ್ಯಾಬಿನ ಲೆಕ್ಕ. ನಲವತ್ತು ಜನ, ಒಬ್ಬೊಬ್ಬರಿಗೆ ಮೂರು ಸಲ, ಸಲಕ್ಕೆ 10 ಮಿಲಿಲೀಟರ್. ಅಲ್ಲಿಗೇ 1,200 ಮಿಲಿಲೀಟರ್ ಆಯ್ತು. ಬ್ಯುರೆಟ್ ತೊಳೆಯುವುದಕ್ಕೆ, ಚೆಲ್ಲುವುದಕ್ಕೆ ಸೇರಿಸಿ ಎರಡು ಲೀಟರ್ ಮಾಡಿಡಿ. 0.02 ಮೋಲಾರ್ ಸಾಂದ್ರತೆಯ ಪರ್ಮಾಂಗನೇಟಿಗೆ ಲೀಟರಿಗೆ 3.16 ಗ್ರಾಂ ಬೇಕು. ಅದನ್ನು ಒಂದೆರಡು ದಿನ ಮೊದಲೇ ಕರಗಿಸಿ ಕತ್ತಲಲ್ಲಿಟ್ಟು, ಗಾಜಿನ ಉಣ್ಣೆಯಲ್ಲಿ ಸೋಸಬೇಕು. ಫಿಲ್ಟರ್ ಪೇಪರ್ ಹಾಕಿದರೆ ಕಾಗದವನ್ನೂ ಅದು ಉತ್ಕರ್ಷಿಸುತ್ತದೆ. ಇದರ ಜೊತೆ ವರ್ತಿಸಬೇಕಾದ ಮೋರ್ ಲವಣ ಅನ್ನುವ ಕಬ್ಬಿಣದ ಲವಣದ್ದು ಇದಕ್ಕೆ ಪೂರಾ ಉಲ್ಟಾ. ಲೀಟರಿಗೆ 39.2 ಗ್ರಾಂ ತೂಗಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದ ಜೊತೆ ಅವತ್ತೇ ಬೆಳಿಗ್ಗೆ ಕರಗಿಸಬೇಕು. ಹಿಂದಿನ ಸಂಜೆ ಮಾಡಿಟ್ಟರೆ ಗಾಳಿ ತಾಗಿ ಅದರ ಕಬ್ಬಿಣ ಉತ್ಕರ್ಷಣಗೊಂಡು ಫೆರಿಕ್ ಆಗತೊಡಗುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಬರುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಸ್ವಾಗತ ಸಮಿತಿಯಲ್ಲಿ ಹನ್ನೆರಡು ಹೆಸರಿರುತ್ತವೆ, ಏಳಕ್ಕೆ ಬರುವವರು ಒಬ್ಬರೂ ಇರುವುದಿಲ್ಲ.

ಕಳೆದ ಸಲ ಅರ್ಧ ಜನರಿಗೆ ಬ್ಯುರೆಟ್ ಕೊಡಲೇ ಇಲ್ಲ. ಪ್ಲಾಸ್ಟಿಕ್ ಡ್ರಾಪರ್ ಕೊಟ್ಟೆವು. ಮೋರ್ ಲವಣದ ದ್ರಾವಣ 20 ಹನಿ, ಅದಕ್ಕೆ ಆಮ್ಲ, ಮೇಲೆ ಪರ್ಮಾಂಗನೇಟನ್ನು ಹನಿ ಹನಿಯಾಗಿ ಎಣಿಸುತ್ತಾ ಹೋಗುವುದು. ಒಂದು ಪರ್ಮಾಂಗನೇಟಿಗೆ ಐದು ಕಬ್ಬಿಣ ಬೇಕು, ಮೋರ್ ಲವಣದ ದ್ರಾವಣದ ಸಾಂದ್ರತೆಯೂ ಪರ್ಮಾಂಗನೇಟಿನ ಐದು ಪಟ್ಟು, ಆದ್ದರಿಂದ ಇಪ್ಪತ್ತನೇ ಹನಿಯ ಹೊತ್ತಿಗೆ ತಿಳಿ ಗುಲಾಬಿ ನಿಲ್ಲಬೇಕು. ಬಹಳ ಮಂದಿಗೆ ನಿಂತಿತು. ಆಗ ಹಿಂದಿನ ಸಾಲಿನಿಂದ ಹಿರಿಯ ಮೇಡಂ ಒಬ್ಬರು ಎದ್ದರು. ‘ಬ್ಯುರೆಟ್‌ನಲ್ಲಿ ಒಂದು ಹನಿ ಜಾಸ್ತಿ ಬಿದ್ದರೆ ಹತ್ತು ಮಿಲಿಗೆ ಅರ್ಧ ಪರ್ಸೆಂಟ್ ತಪ್ಪು. ಇಲ್ಲಿ ಐದು ಪರ್ಸೆಂಟ್. ಇದನ್ನು ಪರೀಕ್ಷೆಗೆ ಕೊಡ್ತೀರಾ ಸಾರ್?’ ಕೊಡಲು ಆಗಲ್ಲ, ನಿಜ. ಆದರೆ ಐವತ್ತು ಮಕ್ಕಳಿಗೆ ಎಂಟು ಬ್ಯುರೆಟ್ ಇರುವ ಕಡೆ, ಸುಮ್ನೆ ನಿಂತು ನೋಡುವ ಮಗುವಿನ ಕೈಗೆ ಒಂದು ಡ್ರಾಪರ್ ಆದರೂ ಬರಲಿ ಅಂತ ಇನ್ನೊಬ್ಬರು ವಾದಕ್ಕಿಳಿದರು. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಇಡೀ ದಿನದಲ್ಲಿ ನನಗೆ ಬೇಕಾಗಿದ್ದದ್ದು ಆ ಅರ್ಧ ಗಂಟೆ.

ಅಂಥ ಅರ್ಧ ಗಂಟೆಯನ್ನು ನುಂಗುವುದು ಉದ್ಘಾಟನೆ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಶಾಲು, ಹಾರ, ನೆನಪಿನ ಕಾಣಿಕೆ. ತೆಗೆದುಹಾಕಿ ಅಂದರೆ ಯಾರೂ ಕೇಳಲ್ಲ. ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಬೆಳಿಗ್ಗೆ ಒಂಬತ್ತೂವರೆಗೆ ನೇರ ಲ್ಯಾಬು, ಉದ್ಘಾಟನೆ ಹನ್ನೆರಡಕ್ಕೆ. ಅತಿಥಿಗಳು ತಡವಾಗಿ ಬಂದರೂ ಯಾರಿಗೂ ಬೇಜಾರಿಲ್ಲ. ಊಟದ ಹೊತ್ತು ಹತ್ತಿರ ಇರುವುದರಿಂದ ಭಾಷಣಗಳೂ ತಾವಾಗಿಯೇ ಚಿಕ್ಕದಾಗುತ್ತವೆ. ಹಾಜರಾತಿ ಪತ್ರವನ್ನು ಮಾತ್ರ ನಾಲ್ಕು ಗಂಟೆಗೆ ಮುಂಚೆ ಕೊಡಬೇಡಿ. ಒಮ್ಮೆ ಊಟದ ಜೊತೆ ಹಂಚಿಬಿಟ್ಟಿದ್ದೆವು. ಮಧ್ಯಾಹ್ನದ ಗೋಷ್ಠಿಗೆ ಉಳಿದವರು ನಾವು ಸಂಘಟಕರು ಮತ್ತು ಬಸ್ ತಪ್ಪಿಸಿಕೊಂಡ ಮೂವರು.

ಸಂಪನ್ಮೂಲ ವ್ಯಕ್ತಿಗಳ ಜೊತೆ ಮೊದಲೇ ಕೂತು ಮಾತಾಡಬೇಕು. ಒಬ್ಬರು ಬಂದು ಘನಸ್ಥಿತಿಯ ಬಗ್ಗೆ ಒಂದು ಗಂಟೆ ಸೊಗಸಾಗಿ ಮಾತಾಡಿದರು. ಆ ಅಧ್ಯಾಯ ಎನ್‌ಸಿಇಆರ್‌ಟಿ ಪುಸ್ತಕದಿಂದಲೇ ಹೋಗಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಯಾವ ವಿಷಯ ಬೇಕು ಅನ್ನುವುದನ್ನು ಬರುವವರನ್ನೇ ಕೇಳಿ. ನಾನು ಕೇಳಿದಾಗ ಸಲ ಸಲವೂ ಮೇಲೆ ಬರುವ ವಿಷಯ ಒಂದೇ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ‘ಉತ್ಕರ್ಷಣ, ಅಪಕರ್ಷಣ’ ಓದಿದ ಹುಡುಗಿ ಜೂನ್‌ನಲ್ಲಿ ಪಿಯುಗೆ ಬಂದು ಇಂಗ್ಲಿಷಿನಲ್ಲಿ ‘ಆಕ್ಸಿಡೇಷನ್, ರಿಡಕ್ಷನ್’ ಕೇಳಿ ಬೆಪ್ಪಾಗಿ ಕೂರುತ್ತಾಳೆ. ಅವಳಿಗೆ ಗೊತ್ತಿರುವುದೇ ಅದು ಅಂತ ಹೇಳುವವರಿಲ್ಲ. ಕಳೆದ ಸಲ ಇದಕ್ಕೆಂದೇ ಒಂದು ಗೋಷ್ಠಿ ಇಟ್ಟೆವು, ಹೈಸ್ಕೂಲಿನ ಆರು ಮಂದಿ ವಿಜ್ಞಾನ ಶಿಕ್ಷಕರನ್ನೂ ಕರೆದಿದ್ದೆವು. ಜೂನ್ ಮೊದಲ ವಾರ ಗೋಡೆಗೆ ಅಂಟಿಸಲು ಎರಡೂ ಭಾಷೆಯ ಅರವತ್ತು ಪದಗಳ ಪಟ್ಟಿ ತಯಾರಾಯಿತು. ‘ಮೋಲ್’ಗೆ ಕನ್ನಡ ಏನು ಅನ್ನುವುದಕ್ಕೇ ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ಮೋಲ್ ಅಂತಲೇ ಇಟ್ಟರು.

ಸಂಜೆ ಐದೂವರೆಗೆ ಅಟೆಂಡರ್ ಮತ್ತು ನಾನು ಕಂದು ಕಲೆ ಹಿಡಿದ ಬ್ಯುರೆಟ್‌ಗಳನ್ನು ಆಕ್ಸಾಲಿಕ್ ಆಮ್ಲ ಹಾಕಿ ತೊಳೆಯುತ್ತಿದ್ದೆವು. ಬೆಳಿಗ್ಗೆ ಐದು ಪರ್ಸೆಂಟ್ ತಪ್ಪು ಹಿಡಿದಿದ್ದ ಮೇಡಂ ಬಾಗಿಲಲ್ಲಿ ಬಂದು ನಿಂತರು. ಅವರ ಬಸ್ಸಿಗೆ ಇನ್ನೂ ಸಮಯವಿತ್ತು. ‘ಆ ಡ್ರಾಪರ್‌ಗಳು ಮಿಕ್ಕಿವೆಯಾ ಸಾರ್? ಒಂದು ಇಪ್ಪತ್ತು ಕೊಡಿ, ಸೋಮವಾರಕ್ಕೆ.’