ಪದ ಪರಿಚಯ: ಬೈಪೋಲಾರ್, ಮತ್ತು ಕಳೆದುಹೋದ ಒಂದು ‘ಗೆ’

ಮೊನ್ನೆ ಒಂದು ಮೊಬೈಲ್ ವಿಮರ್ಶೆ ಓದುತ್ತಿದ್ದೆ. ‘ಈ ಫೋನಿನ ಬ್ಯಾಟರಿ ಬೈಪೋಲಾರ್, ಒಂದು ದಿನ ರಾತ್ರಿವರೆಗೂ ಬರುತ್ತೆ, ಇನ್ನೊಂದು ದಿನ ಮಧ್ಯಾಹ್ನಕ್ಕೇ ಮಲಗುತ್ತೆ’ ಅಂತ ಬರೆದಿದ್ದರು. ಅದರ ಹಿಂದಿನ ವಾರ ಹವಾಮಾನ ಬೈಪೋಲಾರ್ ಆಗಿತ್ತು. ಅದಕ್ಕೂ ಮುಂಚೆ ಯಾರದೋ ಮ್ಯಾನೇಜರ್. ಬೆಳಿಗ್ಗೆ ನಕ್ಕು ಸಂಜೆ ಸಿಡುಕಿದವರೆಲ್ಲ ಈಗ ಬೈಪೋಲಾರ್. ಇದನ್ನು ಹೇಳಲು ನಮ್ಮಲ್ಲಿ ಪದಗಳಿಗೆ ಬರ ಬಂದಿದೆಯಾ? ಚಂಚಲ ಇದೆ, ಮುಂಗೋಪ ಇದೆ, ಗಳಿಗೆಗೊಂದು ಬಣ್ಣ ಇದೆ. ಅದೂ ಸಾಲದಿದ್ದರೆ ‘ಮೂಡಿ’ ಇದೆ. ಒಂದು ಕಾಯಿಲೆಯ ಹೆಸರನ್ನು ಯಾಕೆ ಎಳೆದು ತರಬೇಕು?

ನನಗೆ ಇದು ಬರೀ ಭಾಷೆಯ ವಿಷಯ ಅಲ್ಲ. ನನ್ನ ಅಕ್ಕನಿಗೆ ಹನ್ನೊಂದು ವರ್ಷದಿಂದ ಬೈಪೋಲಾರ್ ಇದೆ. ಮನಸ್ಸಿನ ಹುರುಪು ದಿನಗಟ್ಟಲೆ, ವಾರಗಟ್ಟಲೆ ಮಿತಿ ಮೀರಿ ಏರುವ, ಇನ್ನೊಮ್ಮೆ ಆಳಕ್ಕೆ ಕುಸಿಯುವ ಕಾಯಿಲೆ ಅದು. ಈ ಪದವನ್ನು ಮನೆಯೊಳಗೆ ನಾವೂ ತಪ್ಪಾಗಿ ಬಳಸಿದ್ದೇವೆ, ಅವಳನ್ನು ನೋಯಿಸಿದ್ದೇವೆ. ಅದಕ್ಕೆ ಆಮೇಲೆ ಬರುತ್ತೇನೆ.

‘ಬೈ’ ಅಂದರೆ ಎರಡು, ಲ್ಯಾಟಿನ್. ‘ಪೋಲ್’ ಬಂದದ್ದು ಗ್ರೀಕಿನ ‘ಪೋಲೋಸ್’ನಿಂದ. ಸುತ್ತುವ ವಸ್ತುವಿನ ನಡುವೆ ಇರುವ ಅಚ್ಚು ಅಂತ ಅದರ ಅರ್ಥ. ಭೂಮಿಯ ಅಚ್ಚಿನ ಎರಡು ತುದಿಗಳಿಗೆ ಆಮೇಲೆ ಅದೇ ಹೆಸರು ಅಂಟಿತು. ಆ ತುದಿಗಳನ್ನು ನಾವು ಧ್ರುವ ಅಂತ ಕರೆದೆವು, ಹಾಗಾಗಿ ಬೈಪೋಲಾರ್ ‘ದ್ವಿಧ್ರುವ’ ಆಯಿತು. ಧ್ರುವ ಅಂದರೆ ಅಲುಗದ್ದು, ನಿಂತಲ್ಲೇ ನಿಂತದ್ದು. ಧ್ರುವ ನಕ್ಷತ್ರಕ್ಕೆ ಆ ಹೆಸರು ಬಂದದ್ದೇ ಹಾಗೆ, ಅಲ್ವಾ? ಏರುವುದು, ಇಳಿಯುವುದು, ಮತ್ತೆ ಸಮಕ್ಕೆ ಬರುವುದೇ ಸ್ವಭಾವವಾದ ಕಾಯಿಲೆಗೆ ಅಲುಗದ ಪದ ಸಿಕ್ಕಿದೆ. ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಆ ‘ಎರಡು’ ಏನು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ.

ಕೆಲವರಿಗೆ ಅದು ಒಂದೇ ಮೈಯಲ್ಲಿ ಇಬ್ಬರು ಮನುಷ್ಯರು. ಅದು ಬೇರೆಯೇ ತೊಂದರೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಕೆಲವರಿಗೆ ದಿನಕ್ಕೆ ಎರಡು ಮೂಡ್. ಅದೂ ಅಲ್ಲ. ಈ ಎಣಿಕೆ ಎಲ್ಲಿಂದ ಬಂತು ಅಂತ ನೋಡಿದರೆ ಗೊಂದಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. 1957ರಲ್ಲಿ ಜರ್ಮನಿಯ ಮನೋವೈದ್ಯ ಕಾರ್ಲ್ ಲಿಯೋನ್‌ಹಾರ್ಡ್, ಜೀವನದಲ್ಲಿ ಬರೀ ಕುಸಿತ (ಡಿಪ್ರೆಶನ್) ಇಲ್ಲವೇ ಬರೀ ಮೇನಿಯಾ (ಹುರುಪು ಮಿತಿ ಮೀರಿದ ಏರಿಕೆ) ಕಂಡವರನ್ನು ಒಂದು ಕಡೆ ಇಟ್ಟರು. ಎರಡನ್ನೂ ಕಂಡವರನ್ನು ಇನ್ನೊಂದು ಕಡೆ ಇಟ್ಟರು. ಮೊದಲಿನವರದು ಒಂದು ಧ್ರುವ, ಎರಡನೆಯವರದು ಎರಡು. ಅಂದರೆ ಈ ‘ಎರಡು’ ಇಡೀ ಜೀವನದ ಲೆಕ್ಕ, ಒಂದು ದಿನದ್ದಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಹೆಸರನ್ನೇ ಹಿಡಿಯಿತು. ಅದುವರೆಗೆ ಮ್ಯಾನಿಕ್ ಡಿಪ್ರೆಸಿವ್ ಅನ್ನುತ್ತಿದ್ದರು.

ಕಾಲದ ಅಳತೆಯನ್ನೂ ನೋಡಿ. ಮೇನಿಯಾ ಅನ್ನಬೇಕಾದರೆ ಸಾಮಾನ್ಯವಾಗಿ ಒಂದು ವಾರವಾದರೂ ಅದೇ ಸ್ಥಿತಿ ಇರಬೇಕು, ಅಥವಾ ಆಸ್ಪತ್ರೆ ಸೇರಿಸಬೇಕಾದಷ್ಟು ಜೋರಾಗಿರಬೇಕು. ಅದಕ್ಕಿಂತ ಮೆಲ್ಲಗಿನ ಹೈಪೋಮೇನಿಯಾಕ್ಕೆ 4 ದಿನ. ಡಿಪ್ರೆಶನ್‌ಗೆ 2 ವಾರ. ‘ಬೇಗ ಬೇಗ ಬದಲಾಗುವ’ ಬೈಪೋಲಾರ್ ಅಂತ ಒಂದು ಬಗೆ ಇದೆ. ಅದರ ಅಳತೆ ಏನು ಗೊತ್ತಾ? ವರ್ಷಕ್ಕೆ 4 ಸಲ ಅಥವಾ ಹೆಚ್ಚು. ಬೆಳಿಗ್ಗೆ ಸಂಜೆಯ ಸಿಡುಕಿಗೆ ಇಲ್ಲಿ ಎಲ್ಲಿದೆ ಜಾಗ?

ನನಗೆ ಈ ಹೆಸರಿಗಿಂತ ಇದರ ಅಜ್ಜ ಇಷ್ಟ. 1850ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಪಿಯರ್ ಫಾಲ್ರೆ ಅನ್ನುವ ವೈದ್ಯರಿದ್ದರು. ಅವರು ಇದನ್ನು ‘ಸುತ್ತಿ ಬರುವ ಹುಚ್ಚು’ ಎಂದು ಕರೆದರು. ‘ಹುಚ್ಚು’ ನಮಗೆ ಬೇಡ, ಬಿಡಿ. ಆದರೆ ಅವರು ಎಣಿಸಿದ್ದು ಎರಡಲ್ಲ, ಮೂರು. ಏರಿಕೆ, ಇಳಿತ, ಮತ್ತು ಮನುಷ್ಯ ತಾನು ತಾನಾಗಿಯೇ ಇರುವ ನಡುವಿನ ಕಾಲ. ಆ ನಡುವಿನದೂ ಸುತ್ತಿನ ಒಂದು ಭಾಗ ಅಂತ ಅವರು ಕಂಡಿದ್ದರು. ನಮ್ಮ ಕೈಗೆ ಬಂದ ಪದದಲ್ಲಿ ಎರಡು ತುದಿಗಳಿವೆ, ನಡು ಇಲ್ಲ. ಚಿಕಿತ್ಸೆ ಸರಿಯಾಗಿ ಹೊಂದಿಕೊಂಡವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬದುಕುವುದು ಆ ನಡುವಿನಲ್ಲೇ.

ಮನೆಯವರು ಮಾಡುವ ತಪ್ಪೂ ಇಲ್ಲೇ ಶುರುವಾಗುತ್ತದೆ. ಅಕ್ಕ ಚೆನ್ನಾಗಿಯೇ ಇದ್ದ ಒಂದು ಸಂಜೆ. ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ಜೋರಾಗಿ ನಕ್ಕಳು, ಹೊಟ್ಟೆ ಹಿಡಿದುಕೊಂಡು. ನಾನು ಪಕ್ಕದ ಕೋಣೆಯಿಂದಲೇ ಕೇಳಿದೆ: ‘ಅಕ್ಕಾ, ಮಾತ್ರೆ ತಗೊಂಡ್ಯಾ?’ ನಗು ಅಲ್ಲೇ ನಿಂತಿತು. ಫೋನಿಗೆ ‘ಆಮೇಲೆ ಮಾಡ್ತೀನಿ ಕಣೇ’ ಅಂದಳು. ಬಾಗಿಲಿಗೆ ಬಂದು ‘ಯಾಕೋ, ನಾನು ನಗಬಾರದಾ?’ ಅಂದಳು. ಅಷ್ಟೇ. ಸಿಟ್ಟು ಕೂಡ ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅದಕ್ಕೂ ನಾನು ಅದೇ ಪ್ರಶ್ನೆ ಕೇಳುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

ಬ್ಯಾಟರಿಯನ್ನು ಬೈಪೋಲಾರ್ ಅಂದವರದೂ ನನ್ನದೂ ಒಂದೇ ತಪ್ಪು. ಅವರು ಎಲ್ಲ ಏರಿಳಿತವನ್ನೂ ಕಾಯಿಲೆ ಅಂದರು. ನಾನು ಅಕ್ಕನ ಎಲ್ಲ ಏರಿಳಿತವನ್ನೂ ಕಾಯಿಲೆ ಅಂದೆ. ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಮನೆಯಲ್ಲಿ ಟೀಕೆ, ಹಗೆತನ, ಅತಿ ಕಾಳಜಿ ಜಾಸ್ತಿ ಇದ್ದರೆ ಕಾಯಿಲೆ ಮರಳುವುದೂ ಜಾಸ್ತಿ ಅಂತ ಮನಶ್ಶಾಸ್ತ್ರಜ್ಞ ಡೇವಿಡ್ ಮಿಕ್ಲೋವಿಟ್ಸ್ ಮತ್ತು ಜೊತೆಯವರು 1988ರಲ್ಲೇ ತೋರಿಸಿದ್ದರು. ಅತಿ ಕಾಳಜಿಯೂ ಆ ಪಟ್ಟಿಯಲ್ಲಿದೆ, ಗಮನಿಸಿ. ಆಮೇಲೆ ಅವರು ಮನೆಯವರನ್ನೂ ಕೂರಿಸಿಕೊಂಡು ಮಾಡುವ ಚಿಕಿತ್ಸೆಯನ್ನೇ ರೂಪಿಸಿದರು. ಕಾಯಿಲೆಯನ್ನು ಅರ್ಥ ಮಾಡಿಕೊಳ್ಳುವುದು, ಒಬ್ಬರಿಗೊಬ್ಬರು ಮಾತಾಡುವ ಬಗೆ, ಸಮಸ್ಯೆ ಬಿಡಿಸಿಕೊಳ್ಳುವ ದಾರಿ, ಇಷ್ಟನ್ನೂ ಅದರಲ್ಲಿ ಕಲಿಸುತ್ತಾರೆ.

ಇನ್ನು ಆ ‘ಗೆ’. ‘ಅವಳು ಬೈಪೋಲಾರ್’ ಅನ್ನುವುದು ಇಂಗ್ಲಿಷಿನಿಂದ ಎತ್ತಿಕೊಂಡ ವಾಕ್ಯ. ಕನ್ನಡದಲ್ಲಿ ಯಾರೂ ‘ಅವಳು ಜ್ವರ’ ಅನ್ನುವುದಿಲ್ಲ. ‘ಅವಳಿಗೆ ಜ್ವರ’ ಅನ್ನುತ್ತೇವೆ. ಅವಳಿಗೆ ಸಿಟ್ಟು ಬಂತು, ಅವಳಿಗೆ ಅಳು ಬಂತು. ನಮ್ಮ ಭಾಷೆಯಲ್ಲಿ ಇವೆಲ್ಲ ಮನುಷ್ಯರಿಗೆ ಬರುತ್ತವೆ, ಹೋಗುತ್ತವೆ. ಮನುಷ್ಯರು ಅವೇ ಆಗಿಬಿಡುವುದಿಲ್ಲ. ಕೈಯಲ್ಲಿ ಇಷ್ಟು ಒಳ್ಳೆಯ ವಿಭಕ್ತಿ ಇಟ್ಟುಕೊಂಡು ಅದನ್ನು ಬಿಟ್ಟುಕೊಡುವುದು ಯಾಕೆ? ನಮ್ಮ ಮನೆಯಲ್ಲಿ ಈಗ ಎಲ್ಲರೂ ‘ಅಕ್ಕನಿಗೆ ಬೈಪೋಲಾರ್ ಇದೆ’ ಅಂತಲೇ ಹೇಳುತ್ತೇವೆ, ನೆಂಟರನ್ನೂ ತಿದ್ದುತ್ತೇವೆ.

ಹಾಗಾದರೆ ನಿಜವಾದ ಏರಿಕೆಯನ್ನು ಗುರುತಿಸುವುದು ಹೇಗೆ? ಒಂದು ನಗುವಿನಿಂದ ಆಗಲ್ಲ. ಹಲವು ಒಟ್ಟಿಗೆ ಬರುತ್ತವೆ, ದಿನಗಟ್ಟಲೆ ನಿಲ್ಲುತ್ತವೆ. ಒಂದು ಸಲ ರಾತ್ರಿ ಮೂರು ಗಂಟೆಗೆ ಎದ್ದು ನೋಡಿದರೆ ಅಕ್ಕ ಮನೆಯ ಪುಸ್ತಕಗಳನ್ನೆಲ್ಲ ನೆಲಕ್ಕೆ ಹರಡಿಕೊಂಡು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಐದು ದಿನದಿಂದ ದಿನಕ್ಕೆ ಎರಡು ಗಂಟೆ ನಿದ್ದೆ, ಆದರೂ ಮುಖದಲ್ಲಿ ಒಂಚೂರೂ ದಣಿವಿಲ್ಲ. ಲೈಬ್ರರಿ ತೆರೆಯುತ್ತಾಳಂತೆ, ಜಾಗಕ್ಕೆ ಆಗಲೇ ಅಡ್ವಾನ್ಸ್ ಕೊಟ್ಟಾಗಿತ್ತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ನಾನು ಪೆನ್ನು ಹಾಳೆ ಹಿಡಿದು ಲೆಕ್ಕ ತೋರಿಸಿ ವಾದಕ್ಕೆ ಇಳಿದೆ. ಬೆಳಗಾಗುವ ಹೊತ್ತಿಗೆ ಇಬ್ಬರೂ ಕೂಗಾಡುತ್ತಿದ್ದೆವು.

ಆ ಹೊತ್ತಿನಲ್ಲಿ ವಾದ ಕೆಲಸ ಮಾಡುವುದಿಲ್ಲ. ದನಿ ತಗ್ಗಿಸಬೇಕು, ಟಿವಿ ಆರಿಸಬೇಕು, ಬಂದು ಹೋಗುವವರನ್ನು ಕಡಿಮೆ ಮಾಡಬೇಕು, ಡಾಕ್ಟರಿಗೆ ಫೋನ್ ಮಾಡಬೇಕು. ನಿದ್ದೆ ಕಡಿಮೆಯಾಗಿಯೂ ಹುರುಪು ಇಳಿಯದಿದ್ದರೆ ಅದು ಬೇಗ ಸಿಗುವ ಸುಳಿವುಗಳಲ್ಲಿ ಒಂದು. ನಿದ್ದೆಗೆಡುವುದೇ ಏರಿಕೆಯನ್ನು ತರಲೂಬಹುದು. ಅದಕ್ಕೇ ಮಲಗುವ, ಏಳುವ ಹೊತ್ತನ್ನು ಇಡೀ ಮನೆ ಕಾಪಾಡಿಕೊಂಡರೆ ದೊಡ್ಡ ಸಹಾಯ.

ಕುಸಿತದಲ್ಲಿ ಕಥೆ ಬೇರೆ. ‘ಎದ್ದು ನಾಲ್ಕು ಹೆಜ್ಜೆ ಓಡಾಡು, ಸರಿಹೋಗುತ್ತೆ’ ಅನ್ನುವುದನ್ನು ದಯವಿಟ್ಟು ಬಿಡಿ. ಆ ದಿನಗಳಲ್ಲಿ ಎದ್ದು ಹಲ್ಲುಜ್ಜುವುದೇ ಬೆಟ್ಟ. ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕೂಡಿಟ್ಟ ಮಾತ್ರೆಗಳನ್ನು ಕೈಗೆಟುಕದಂತೆ ಎತ್ತಿಡಿ, ತಕ್ಷಣ ವೈದ್ಯರನ್ನು ಕಾಣಿ. ಏರಿಕೆಯ ಚಡಪಡಿಕೆಯೂ ಕುಸಿತದ ನೋವೂ ಒಟ್ಟಿಗೆ ಬಂದಾಗ ಅಪಾಯ ಇನ್ನೂ ಜಾಸ್ತಿ.

ಮಾತ್ರೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಲಿಥಿಯಂ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಇವತ್ತಿಗೂ ಅದು ಮುಖ್ಯ ಔಷಧಿಗಳಲ್ಲಿ ಒಂದು. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ವಾಂತಿ ಭೇದಿಯಾಗಿ ಮೈಯ ನೀರು ಇಳಿದರೆ, ಅಥವಾ ನೋವಿಗೆಂದು ಐಬುಪ್ರೊಫೆನ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಮಿತಿ ಮೀರಬಹುದು. ಇದು ಮನೆಯವರಿಗೂ ಗೊತ್ತಿರಬೇಕು. ‘ಈಗ ಚೆನ್ನಾಗಿದ್ದೀಯಲ್ಲ, ಇನ್ನೂ ಯಾಕೆ ಮಾತ್ರೆ’ ಅಂತ ಮಾತ್ರ ಯಾರೂ ಹೇಳಬೇಡಿ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚುತ್ತದೆ.

ನಮ್ಮ ಮನೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಹಾಳೆ. ಅದನ್ನು ಬರೆದದ್ದು ಅಕ್ಕನೇ, ಆ ನಡುವಿನ ಕಾಲದಲ್ಲಿ, ಡಾಕ್ಟರ ಎದುರು ಕೂತು. ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿದರೆ ಡಾಕ್ಟರಿಗೆ ಫೋನ್ ಮಾಡು. ಕಾರ್ಡನ್ನು ನೀನು ಇಟ್ಟುಕೋ, ನಾನು ಬೈದರೂ ಕೊಡಬೇಡ. ದೊಡ್ಡ ಖರ್ಚು ಯಾವುದಿದ್ದರೂ ಮೂರು ದಿನ ಕಾಯೋಣ. ಅಮ್ಮನಿಗೆ ಸುಸ್ತಾದಾಗ ಚಿಕ್ಕಮ್ಮನನ್ನು ಕರೆಸು, ಅಮ್ಮನನ್ನು ಮಲಗಲು ಕಳಿಸು. ಹೀಗೆ ಎಂಟು ಸಾಲು. ಫ್ರಿಜ್ಜಿನ ಬದಿಗೆ ಅಂಟಿಸಿದ್ದೇವೆ. ಅಂಚು ಸುರುಳಿಯಾಗಿದೆ, ಒಂದೆರಡು ಸಾಲು ಹೊಡೆದು ಮತ್ತೆ ಬರೆದಿದ್ದಾಳೆ. ಎಂಟನೆಯದನ್ನು ಹೋದ ವರ್ಷ ಸೇರಿಸಿದಳು: ‘ಮೇಲಿನದ್ಯಾವುದೂ ಇಲ್ಲದೆ ನಾನು ಸಿಟ್ಟು ಮಾಡಿದರೆ, ನೀನು ಏನು ಮಾಡಿದೆ ಅಂತ ಮೊದಲು ಯೋಚಿಸು.’