ಟೈರ್ ಅಗಲ ಮಾಡಿಸಿ ಗಾಳಿ ಗಟ್ಟಿ ಹೊಡೆಸುವವರಿಗೆ

ಟರ್ಬೊ ಹ್ಯಾಚ್‌ಬ್ಯಾಕ್ ಕೊಳ್ಳುವುದು, ಆರು ತಿಂಗಳಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು), ಸಿಗ್ನಲ್‌ನಲ್ಲಿ ಮುಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿತು ಅಂತ ಬೆಂಗಳೂರಿನ ಜೆ.ಸಿ. ರಸ್ತೆಯ ಟೈರ್ ಅಂಗಡಿಗೆ ಓಟ. 185/60 ಆರ್15 (ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ) ಬಿಚ್ಚಿಸಿ 205/55 ಆರ್15 ಹಾಕಿಸಿಕೊಂಡು ವಾರಕ್ಕೆ ವಾಪಸ್: "ಸರ್, ಇಷ್ಟು ದುಡ್ಡು ಸುರಿದೆ, ಇನ್ನೂ ಸ್ಪಿನ್ ಆಗುತ್ತೆ." ಗೇಜ್ ಹಚ್ಚಿದರೆ ನಾಲ್ಕೂ ಚಕ್ರದಲ್ಲಿ ಗಾಳಿಯ ಒತ್ತಡ 38 ಪಿಎಸ್‌ಐ. ಗುಂಡಿಗೆ ಬಿದ್ದು ಹೊಸ ಆಲಾಯ್ ಬೆಂಡಾಗಬಾರದಲ್ಲ, ಅದಕ್ಕೆ!

ಟೈರ್ ನೆಲಕ್ಕೆ ಎಷ್ಟು ತಾಗಬೇಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಗಾಳಿ. ಚಕ್ರದ ಮೇಲೆ 300 ಕೆ.ಜಿ. ಭಾರ, ಒಳಗೆ 32 ಪಿಎಸ್‌ಐ ಎಂದರೆ ಚದರ ಸೆಂ.ಮೀ.ಗೆ ಸುಮಾರು 2.25 ಕೆ.ಜಿ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 133 ಚದರ ಸೆಂ.ಮೀ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ, ಗಮನಿಸಿ. 185 ಇರಲಿ, 205 ಇರಲಿ, ಗಾಳಿ ಅಷ್ಟೇ ಇದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆಕಾರ: ಅಡ್ಡಕ್ಕೆ ಅಗಲವಾಗಿ, ಉದ್ದಕ್ಕೆ ಗಿಡ್ಡವಾಗುತ್ತದೆ. ಈಗ 38ಕ್ಕೆ ಏರಿಸಿ, 112ಕ್ಕೆ ಇಳಿಯಿತು. ಹಳೇ ಸಣ್ಣ ಟೈರ್ ತಾಗುತ್ತಿದ್ದುದಕ್ಕಿಂತ ಕಡಿಮೆ ಜಾಗಕ್ಕೆ ನೀವು ಹೊಸ ಟೈರಿನ ದುಡ್ಡು ಕೊಟ್ಟಿದ್ದೀರಿ. (ಟೈರಿನ ಪಕ್ಕದ ಗೋಡೆಯೂ ಒಂದಿಷ್ಟು ಭಾರ ಹೊರುತ್ತದೆ, ಹಾಗಾಗಿ ಅಂಕಿ ಕರಾರುವಾಕ್ಕಲ್ಲ. ಏರಿಳಿತದ ದಿಕ್ಕು ಮಾತ್ರ ಇದೇ.)

ಹಾಗಾದರೆ ಅಗಲದ ಟೈರ್ ದಂಡವೇ? ಅಲ್ಲ. ಅದರೊಳಗೆ ಗಾಳಿಗೆ ಜಾಗ ಹೆಚ್ಚು, ಆದ್ದರಿಂದ ಅದೇ ಭಾರವನ್ನು ಕಡಿಮೆ ಒತ್ತಡದಲ್ಲಿ ಹೊರಬಲ್ಲದು. ಗೋಡೆಯ ಮೇಲಿನ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಗರಿಷ್ಠ ಭಾರದ ಸಂಕೇತ) ಓದಿ: 84 ಎಂದರೆ 500 ಕೆ.ಜಿ., 88 ಎಂದರೆ 560. ಬಿಸಿಯೂ ಹೆಚ್ಚು ರಬ್ಬರಿಗೆ ಹಂಚಿಹೋಗುವುದರಿಂದ ಮೆತ್ತನೆ ಕಾಂಪೌಂಡ್ (ರಬ್ಬರಿನ ಮಿಶ್ರಣ) ತಡೆದುಕೊಳ್ಳುತ್ತದೆ. ಹಿಡಿತ ಬರುವುದು ಬಹುಪಾಲು ಆ ಮೆತ್ತನೆಯಿಂದ. ಟ್ರೆಡ್‌ವೇರ್ (ಸವೆತ ತಡೆಯುವ ಅಂಕ, ಸಾಮಾನ್ಯವಾಗಿ ಕಡಿಮೆಯಾದಷ್ಟೂ ರಬ್ಬರ್ ಮೆತ್ತಗೆ) 400ರ ಗಟ್ಟಿ 205ಕ್ಕಿಂತ 200ರ ಆಸುಪಾಸಿನ ಒಳ್ಳೆಯ 195 ಸಾಮಾನ್ಯವಾಗಿ ಮೇಲು. ಬೇಗ ಸವೆಯುತ್ತದೆ, ಅದು ಬೇರೆ ಮಾತು. ಗೋಡೆಯ ಮೇಲಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೂ ನೋಡಿ. 2319 ಅಂದರೆ 2019ರ 23ನೇ ವಾರದ ಮಾಲು. ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದನ್ನು ತಂದರೆ ಗಟ್ಟಿಯಾದ ರಬ್ಬರ್ ತಂದಂತೆ, ಎಷ್ಟೇ ಅಗಲ ಇರಲಿ.

ಮೊದಲ ಗೇರಿನ ಸ್ಪಿನ್ ಬಗ್ಗೆ ಒಂದು ಕಹಿ ಲೆಕ್ಕ. ಎಂಜಿನ್ನಿನ ತಿರುಚು ಬಲ (ಟಾರ್ಕ್) 200 ಎನ್‌ಎಂ, ಮೊದಲ ಗೇರ್ ಮತ್ತು ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್ ಜೋಡಿ) ಸೇರಿ ಸುಮಾರು 14 ಪಟ್ಟು, ಚಕ್ರದ ತ್ರಿಜ್ಯ 0.3 ಮೀಟರ್: ನೆಲವನ್ನು ತಳ್ಳಲು ಬರುವ ಬಲ 9,300 ನ್ಯೂಟನ್, ಗೇರ್‌ಬಾಕ್ಸ್ ನುಂಗುವುದನ್ನು ಬಿಟ್ಟು ಸುಮಾರು 8,000. ಕಾರು ಮುನ್ನುಗ್ಗುವಾಗ ಭಾರ ಹಿಂದಕ್ಕೆ ಜಾರುತ್ತದೆ. ಮುಂದಿನ ಎರಡು ಚಕ್ರದ ಮೇಲೆ ಉಳಿಯುವುದು 600 ಕೆ.ಜಿ. ಎನ್ನೋಣ. ಒಣ ಡಾಂಬರಿನಲ್ಲಿ ಅದು ಹಿಡಿಯಬಲ್ಲದ್ದು 5,300 ನ್ಯೂಟನ್. ಈ ಕಂದಕವನ್ನು 20 ಮಿ.ಮೀ. ರಬ್ಬರ್ ತುಂಬುವುದಿಲ್ಲ, ನಿಮ್ಮ ಬಲಗಾಲು ತುಂಬಬೇಕು. ಎರಡನೇ ಗೇರಿನಲ್ಲಿ 8 ಪಟ್ಟು ಅಂದುಕೊಳ್ಳಿ, ಎರಡೂ ಅಂಕಿ ಹತ್ತಿರ ಬರುತ್ತವೆ. ಒಳ್ಳೆ ಟೈರಿನ ಬೆಲೆ ಗೊತ್ತಾಗುವುದು ಅಲ್ಲಿ. ಒಂದೇ ಚಕ್ರ ಸುತ್ತುತ್ತಿದ್ದರೆ ಅದು ಓಪನ್ ಡಿಫರೆನ್ಶಿಯಲ್‌ನ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆ) ಸ್ವಭಾವ. ಚಕ್ರ ದಡದಡ ಕುಣಿದರೆ ಎಂಜಿನ್ ಮೌಂಟ್, ಸಸ್ಪೆನ್ಷನ್‌ನ ಲೋಯರ್ ಆರ್ಮ್ ಬುಷ್ (ರಬ್ಬರ್ ಕೀಲು) ಮೊದಲು ನೋಡಿಸಿ. ಟೈರ್ ಅಂಗಡಿಗೆ ಆಮೇಲೆ ಹೋಗಬಹುದು.

ಮಳೆಯಲ್ಲಿ ಲೆಕ್ಕ ತಿರುಗುಮುರುಗು. ಅಗಲದ ಟೈರ್ ಹೆಚ್ಚು ನೀರನ್ನು ಸರಿಸಬೇಕು, ಹಾಗಾಗಿ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಮೇ ತಿಂಗಳ ಸಂಜೆಮಳೆಯಲ್ಲಿ ನೈಸ್ ರಸ್ತೆಗೆ ಇಳಿಯುವವರು ಗಾಳಿ ಇನ್ನಷ್ಟು ಇಳಿಸಬೇಡಿ. ಕಡಿಮೆ ಗಾಳಿಯ ಟೈರ್ ಇನ್ನೂ ಬೇಗ ತೇಲುತ್ತದೆ.

ಸರಿಯಾದ ಗಾಳಿ ಎಷ್ಟು? ಬಾಗಿಲ ಕಂಬದ ಸ್ಟಿಕ್ಕರಿನಿಂದ ಶುರುಮಾಡಿ. ಸ್ವಂತ ಗೇಜ್ ಇಟ್ಟುಕೊಂಡು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ಅಳೆಯಿರಿ. ಬಂಕಿನ ಹುಡುಗ ಬಿಸಿ ಟೈರಿಗೆ ಹೊಡೆಯುವ 35 ಲೆಕ್ಕಕ್ಕಿಲ್ಲ. ಆಮೇಲೆ ಟೈರಿನ ಮುಖಕ್ಕೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಒಣ ರಸ್ತೆಯಲ್ಲಿ ನೇರ 20–30 ಮೀಟರ್ ಓಡಿಸಿ. ನಡು ಮೊದಲು ಅಳಿಸಿದರೆ ಗಾಳಿ ಜಾಸ್ತಿ; ಒಂದೊಂದೇ ಪಿಎಸ್‌ಐ ಇಳಿಸಿ ಮತ್ತೆ ಎಳೆಯಿರಿ. ಎರಡೂ ಅಂಚು ಮೊದಲು ಅಳಿಸಿದರೆ ಕಡಿಮೆ. ಸ್ಟಿಕ್ಕರಿನ ಅಂಕಿಗಿಂತ ಕೆಳಗೆ ಹೋಗಬೇಡಿ, ಐದು ಜನ, ಲಗೇಜು ತುಂಬಿ ಊರಿಗೆ ಹೊರಟಿದ್ದರಂತೂ ಅದರಲ್ಲೇ ಬರೆದಿರುವ ಫುಲ್ ಲೋಡ್ ಅಂಕಿಗೆ ಏರಿಸಿ.