ಹಳೇ ಜಾವಾಗೆ ಗಾಳಿ ಮೆಟ್ಕೊಂಡಾಗ

ನಮ್ಮ ದೊಡ್ಡಪ್ಪನ ಜಾವಾ ಬೈಕು ಊರಲ್ಲಿ ಕೊಟ್ಟಿಗೆ ಮೂಲೇಲಿ 14 ವರ್ಷ ನಿಂತಿತ್ತು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡ್ತಿದ್ವು ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ. ಅದನ್ನ ಟೆಂಪೋಗೆ ಹಾಕ್ಕೊಂಡು ಮೈಸೂರಿಗೆ ತಂದು, ಟ್ಯಾಂಕ್ ತೊಳೆದು, ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿ, ಪಾಯಿಂಟ್ ಉಜ್ಜಿ, ಹೊಸ ಪ್ಲಗ್ ಹಾಕಿ ಕಿಕ್ ಹೊಡೆದ್ರೆ ಐದನೇ ಕಿಕ್ಕಿಗೇ ಸ್ಟಾರ್ಟು! ಮನೆಯವರೆಲ್ಲ ಹೊರಗೆ ಬಂದ್ರು. ಆದ್ರೆ ಎರಡು ನಿಮಿಷ ಆಗೋದ್ರೊಳಗೆ ಎಂಜಿನ್ ತಾನಾಗೇ ರೇಸ್ ಆಗೋಕೆ ಶುರು, ಎಕ್ಸಲೇಟರ್ ಪೂರ್ತಿ ಬಿಟ್ರೂ ಇಳೀತಿಲ್ಲ, ಕೊನೆಗೆ ಕೀ ಆಫ್ ಮಾಡಿ ನಿಲ್ಲಿಸಬೇಕಾಯ್ತು. ದೊಡ್ಡಪ್ಪ ಜಗಲಿ ಮೇಲಿಂದಾನೇ ಕೇಳಿದ್ರು, "ಗಾಳಿ ಗೀಳಿ ಮೆಟ್ಕೊಂಡೈತೇನ್ಲಾ ಅದಕ್ಕೆ?"

ಅವರು ತಮಾಷೆಗೆ ಹೇಳಿದ್ದು, ಆದ್ರೆ ಆಗಿದ್ದು ಅಕ್ಷರಶಃ ಅದೇ.

ಅದ್ಯಾಕೆ ಅಂತ ಹೇಳೋಕೆ ಟೂ ಸ್ಟ್ರೋಕ್ ಎಂಜಿನ್ ಹೆಂಗೆ ಉಸಿರಾಡುತ್ತೆ ಅನ್ನೋದು ಸ್ವಲ್ಪ ಹೇಳ್ಬೇಕು. ಈಗಿನ ಫೋರ್ ಸ್ಟ್ರೋಕ್ ಬೈಕಲ್ಲಿ ಪೆಟ್ರೋಲು ಗಾಳಿ ವಾಲ್ವ್ ದಾಟಿ ನೇರ ಪಿಸ್ಟನ್ ತಲೆ ಮೇಲಕ್ಕೆ ಬರುತ್ತೆ. ಜಾವಾಲಿ ವಾಲ್ವೇ ಇಲ್ಲ. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿರೋ ಕ್ರ್ಯಾಂಕ್ ಕೇಸ್ ಒಳಗೆ ಜಾಗ ಜಾಸ್ತಿಯಾಗಿ ಒತ್ತಡ ಕಮ್ಮಿ ಆಗುತ್ತೆ, ಕಾರ್ಬೊರೇಟರ್ ಕಡೆಯಿಂದ ಪೆಟ್ರೋಲು, ಆಯಿಲು, ಗಾಳಿ ಮೂರೂ ಸೇರಿ ಒಳಗೆ ನುಗ್ಗುತ್ತೆ, ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಿಸ್ಕೊಂಡು ಪಕ್ಕದ ಕಂಡಿಗಳಿಂದ ಮೇಲಕ್ಕೆ ಹೋಗುತ್ತೆ. ಕುಲುಮೆ ತಿದಿ ಇದ್ದಂಗೆ. 4500 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 4500 ಸುತ್ತು ತಿರುಗುವಾಗ ಈ ತಿದಿ ಸೆಕೆಂಡಿಗೆ 75 ಸಲ ಊದುತ್ತೆ. ತಿದಿ ಚರ್ಮ ತೂತಾದ್ರೆ ಏನಾಗುತ್ತೋ ಇಲ್ಲೂ ಅದೇ, ಮತ್ತೆ ಇಲ್ಲಿ ತೂತಾಗೋ ಜಾಗ ಬಹುಮಟ್ಟಿಗೆ ಒಂದೇ, ಕ್ರ್ಯಾಂಕ್ ಶಾಫ್ಟ್ ಕೇಸಿಂದ ಹೊರಗೆ ಬರೋ ಎರಡು ತುದಿಲಿ ಇರೋ ರಬ್ಬರ್ ಆಯಿಲ್ ಸೀಲ್.

ಫೋರ್ ಸ್ಟ್ರೋಕಲ್ಲಿ ಈ ಸೀಲ್ ಹೋದ್ರೆ ನೆಲದ ಮೇಲೆ ಆಯಿಲ್ ತೊಟ್ಟಿಕ್ಕುತ್ತೆ, ಅಷ್ಟೇ. ಟೂ ಸ್ಟ್ರೋಕಲ್ಲಿ ಎಂಜಿನ್ ಅದೇ ದಾರೀಲಿ ಕಳ್ಳಗಾಳಿ ಎಳ್ಕೊಳ್ಳುತ್ತೆ. ಎಡಗಡೆ, ಅಂದ್ರೆ ಕ್ಲಚ್ ಕಡೆ ಸೀಲ್ ಹೋದ್ರೆ ಗಾಳಿ ಬದಲು ಗೇರ್ ಆಯಿಲ್ಲನ್ನೇ ಕುಡಿಯುತ್ತೆ, ಸೊಳ್ಳೆಗೆ ಹೊಗೆ ಹಾಕಿದಂಗೆ ಬೀದಿ ತುಂಬ ಬಿಳಿ ಹೊಗೆ. ಅದಾದ್ರೆ ಕಣ್ಣಿಗೆ ಕಾಣುತ್ತೆ. ಬಲಗಡೆ ಡೈನಮೋ ಹಿಂದಿನ ಸೀಲ್ ಹೋದ್ರೆ ಮಾತ್ರ ಹೊರಗೆ ಏನೂ ಕಾಣಲ್ಲ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗುತ್ತೆ, ಮೆಕ್ಯಾನಿಕ್ಕುಗಳು ಲೀನ್ ಅಂತಾರಲ್ಲ ಅದು. ಹಳೇ ಟೂ ಸ್ಟ್ರೋಕ್ ಓಡಿಸಿದವರಿಗೆ ಇದರ ರುಚಿ ಗೊತ್ತೇ ಇದೆ, ಪೆಟ್ರೋಲ್ ಮುಗಿದು ರಿಸರ್ವ್‌ಗೆ ತಿರುಗಿಸೋ ಮುಂಚೆ ಎಂಜಿನ್ ಒಂದು ಕ್ಷಣ ಸುಮ್‌ಸುಮ್ನೆ ರೇಸ್ ಆಗಿ ಆಮೇಲೆ ಸಾಯುತ್ತಲ್ಲ, ಅದೂ ಲೀನ್ ಆಗೋದೇ. ಸೀಲ್ ಹೋಗಿರೋ ಬೈಕು ಇಡೀ ದಿನ ಅದೇ ಸ್ಥಿತಿಲಿ ಓಡ್ತಿರುತ್ತೆ. ಇನ್ನೊಂದು ಅಪಾಯ ಏನಂದ್ರೆ ಇದರಲ್ಲಿ ಪಿಸ್ಟನ್ನಿಗೆ ಆಯಿಲ್ ಬರೋದು ಪೆಟ್ರೋಲ್ ಜೊತೆಲೇ, ಪೆಟ್ರೋಲ್ ಕಮ್ಮಿಯಾದ್ರೆ ಆಯಿಲ್ಲೂ ಕಮ್ಮಿ, ಒಂದು ಕಡೆ ಬಿಸಿ ಏರುತ್ತೆ ಇನ್ನೊಂದು ಕಡೆ ಜಿಡ್ಡು ಇಲ್ಲ, ಪಿಸ್ಟನ್ ಬೋರಿಗೆ ಕಚ್ಚಿಕೊಂಡು ಸೀಜ್!

ನಾನು ತೋರಿಸಿದ ಮೆಕ್ಯಾನಿಕ್ ಒಬ್ರು "ಲೀಟರಿಗೆ ಇನ್ನೊಂದ್ ಎರಡು ಮುಚ್ಚಳ ಆಯಿಲ್ ಜಾಸ್ತಿ ಹಾಕಿ ಸಾರ್, ಸರಿಯಾಗುತ್ತೆ" ಅಂದ್ರು. ತುಂಬ ಜನ ಹಿಂಗೇ ಹೇಳ್ತಾರೆ, ಕೇಳೋಕೂ ಸರಿ ಅನ್ಸುತ್ತೆ. ಆದ್ರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಬರೋ ಜೆಟ್ಟಿನ ತೂತು ಅಷ್ಟೇ ಇರುತ್ತಲ್ವಾ, ಅದ್ರಲ್ಲಿ ಆಯಿಲ್ ಪಾಲು ಜಾಸ್ತಿಯಾದ್ರೆ ಪೆಟ್ರೋಲ್ ಪಾಲು ಕಮ್ಮಿಯಾಗಿ ಇನ್ನೂ ಸ್ವಲ್ಪ ಲೀನೇ ಆಗೋದು. ಕಾಯಿಲೆ ಒಂದು ಔಷಧಿ ಇನ್ನೊಂದು.

ನನಗೆ ಮೊದಲು ಅನುಮಾನ ಬಂದಿದ್ದು ಕಾರ್ಬೊರೇಟರ್ ಮೇಲಿನ ಪುಟ್ಟ ಗುಂಡಿಯಿಂದ. ಅದನ್ನ ಒತ್ತಿದ್ರೆ ಒಳಗಿನ ಫ್ಲೋಟ್ ಮುಳುಗಿ ಪೆಟ್ರೋಲ್ ಉಕ್ಕುತ್ತೆ, ಚಳೀಲಿ ಸ್ಟಾರ್ಟ್ ಮಾಡೋಕೆ ಇರೋದು. ಎಂಜಿನ್ ಕಿರುಚ್ತಿರುವಾಗ ಒತ್ತಿದೆ, ತಣ್ಣಗಾಯ್ತು. ಬಿಟ್ಟೆ, ಮತ್ತೆ ಕಿರುಚ್ತು. ಪೆಟ್ರೋಲ್ ಜಾಸ್ತಿ ಕೊಟ್ರೆ ಸುಮ್ಮನಾಗುತ್ತೆ ಅಂದ್ರೆ ಎಲ್ಲೋ ಗಾಳಿ ಜಾಸ್ತಿ ಬರ್ತಿದೆ. ಪ್ಲಗ್ ಬಿಚ್ಚಿದ್ರೆ ಕಾಫಿಪುಡಿ ಬಣ್ಣ ಇರಬೇಕಾದ್ದು ಸುಣ್ಣ ಬಳಿದಂಗೆ ಬಿಳಿ.

ಎಲ್ಲಿಂದ ಅಂತ ಹಿಡಿಯೋದು ಹೆಂಗೆ? ಎಂಜಿನ್ನಿಗೆ ಒಳಗಿಂದ ಗಾಳಿ ತುಂಬಿ ನೋಡೋದು, ಪಂಕ್ಚರ್ ಅಂಗಡಿಯವನು ಟ್ಯೂಬ್ ನೀರಲ್ಲಿ ಮುಳುಗಿಸ್ತಾನಲ್ಲ ಹಂಗೆ. ಆದ್ರೆ ಸೈಕಲ್ ಪಂಪ್ ಹಾಕಿ ಜೋರಾಗಿ ಹೊಡೆದ್ರೆ ಚೆನ್ನಾಗಿರೋ ಸೀಲೂ ಕಿತ್ಕೊಂಡು ಬರುತ್ತೆ, ಬೇಕಿರೋದು ಬರೀ 6 ಪಿಎಸ್ಐ ಒಳಗೆ. ಆಗ ಹೊಳೆದಿದ್ದು ದೊಡ್ಡಮ್ಮನ ಬಿಪಿ ನೋಡೋ ಮಶೀನು, ಕೈಲಿ ಒತ್ತೋ ಬಲ್ಬ್ ಇರೋ ಹಳೇದು. ಅದರ ಮುಳ್ಳು 300ರವರೆಗೆ ಹೋಗುತ್ತೆ, 300 ಎಂಎಂ ಪಾದರಸ ಅಂದ್ರೆ 5.8 ಪಿಎಸ್ಐ, ಹೇಳಿ ಮಾಡಿಸಿದಂಗಿದೆ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ಅದರೊಳಗೆ ಟ್ಯೂಬ್ ಅಂಟಿಸಿ ಪ್ಲಗ್ ಜಾಗದಲ್ಲಿ ಹಾಕಿದೆ. ಜಾವಾಗೆ ಒಂದೇ ಸಿಲಿಂಡರ್ ಆದ್ರೂ ಸೈಲೆನ್ಸರ್ ಎರಡು, ಹಂಗಾಗಿ ಆ ಎರಡು ಬಾಯಿ ಮತ್ತೆ ಕಾರ್ಬೊರೇಟರ್ ಬಾಯಿ ಮೂರನ್ನೂ ಲಾರಿ ಟ್ಯೂಬಿನ ತುಂಡು ಇಟ್ಟು ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗೆ ತಂದೆ, ಆಗಲೇ ಮೇಲಿನ ಗಾಳಿ ಕ್ರ್ಯಾಂಕ್ ಕೇಸಿಗೂ ಹೋಗೋದು.

ಒತ್ತಿದೆ. ಮುಳ್ಳು 280ಕ್ಕೆ ಬಂದು ಅಲ್ಲಿಂದ ಜರ್ರನೆ ಇಳೀತು, ಹತ್ತು ಸೆಕೆಂಡಲ್ಲಿ ಸೊನ್ನೆ. ಡೈನಮೋ ಬಿಚ್ಚಿ ಶಾಫ್ಟ್ ಸುತ್ತ ಸೋಪಿನ ನೀರು ಬಿಟ್ಟು ಮತ್ತೆ ಒತ್ತಿದ್ರೆ ರಾಗಿಗಂಜಿ ಕುದಿಯೋವಾಗ ಬರುತ್ತಲ್ಲ ಹಂಗೆ ಗುಳುಗುಳು ಗುಳ್ಳೆ! 14 ವರ್ಷ ನಿಂತಲ್ಲೇ ನಿಂತು ರಬ್ಬರಿನ ತುಟಿ ಒಣಗಿ ಶಾಫ್ಟಿಗೆ ಅಂಟ್ಕೊಂಡಿತ್ತು ಅನ್ಸುತ್ತೆ, ನನ್ನ ಆ ಐದು ಕಿಕ್ಕೇ ಅದನ್ನ ಹರಿದಿರಬೇಕು.

ಎಂಜಿನ್ ಇಳಿಸಿ ಸೀಲ್ ಹಾಕಿದ ಕಥೆ ಉದ್ದ, ಬೇಡ. ಒಂದೇ ಮಾತು, ಅಂಗಡೀಲಿ "ಜಾವಾ ಸೀಲ್ ಕೊಡಿ" ಅಂತ ಕೇಳ್ಬೇಡಿ, ಹಳೇ ಸೀಲಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ನಂಬರ್ ಇರುತ್ತೆ, ಅದನ್ನ ಹೇಳಿ ಬೇರಿಂಗ್ ಅಂಗಡೀಲಿ ತಗೊಳ್ಳಿ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಲಿ 1961ರಲ್ಲಿ ಶುರುವಾದ ಬೈಕು ತಯಾರಿ 1996ಕ್ಕೆ ನಿಂತೇ ಹೋಯ್ತು, ಆದ್ರೆ ಆಯಿಲ್ ಸೀಲು ಅಳತೆ ಮೇಲೆ ಸಿಗೋ ಸಾಮಾನು, ಬೈಕಿನ ಹೆಸರು ಅದಕ್ಕೆ ಬೇಕಿಲ್ಲ.

ಹೊಸ ಸೀಲ್ ಹಾಕಿದ ಮೇಲೆ ಮುಳ್ಳು ಐದು ನಿಮಿಷ ಆದ್ರೂ ಅಲ್ಲಾಡ್ಲಿಲ್ಲ. ಬೈಕೂ ಜಂಟಲ್‌ಮನ್ ಥರ ನಿಂತ್ಕೊಂಡು ಡಗಡಗ ಅಂತು. ಆದ್ರೂ ಪ್ಲಗ್ ನೋಡಿದ್ರೆ ಇನ್ನೂ ಒಂಚೂರು ಬಿಳಿಚು. ಯೋಚನೆ ಮಾಡಿದ್ರೆ ಈ ಗಾಳಿ ಬಂದಿದ್ದು ಪೆಟ್ರೋಲ್ ಬಂಕಿಂದ. 2023ರ ಫೆಬ್ರವರಿಲಿ ಬೆಂಗಳೂರಲ್ಲೇ ಶುರು ಮಾಡಿದ್ರಲ್ಲ ಇ20, ಅದರಲ್ಲಿ 20 ಪರ್ಸೆಂಟ್ ಎಥನಾಲ್. ಎಥನಾಲ್ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಕ್ಸಿಜನ್ನೇ, ಅಂದ್ರೆ ಉರಿಯೋಕೆ ಬೇಕಾದ ಗಾಳಿನ ಒಂದಿಷ್ಟು ತಾನೇ ಹೊತ್ಕೊಂಡು ಬರುತ್ತೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಹೊಸ ಬೈಕಲ್ಲಿ ಸೆನ್ಸರ್ ನೋಡ್ಕೊಂಡು ಪೆಟ್ರೋಲ್ ಏರಿಸಿ ಇಳಿಸಿ ಮಾಡುತ್ತೆ, ಜಾವಾ ಕಾರ್ಬೊರೇಟರಿಗೆ ಹಿತ್ತಾಳೆ ಜೆಟ್ಟಿನ ತೂತು ಬಿಟ್ರೆ ಬೇರೆ ಬುದ್ಧಿ ಇಲ್ಲ, ಅದು ಹಳೇ ಲೆಕ್ಕದಲ್ಲೇ ಗಾಳಿ ಎಳೀತಾ ಇರುತ್ತೆ.

ಕಾರ್ಬೊರೇಟರ್ ನೀಡಲ್ಲಿನ ಕ್ಲಿಪ್ ಬಿಚ್ಚಿ ಒಂದು ಗೀರು ಕೆಳಗೆ ಹಾಕಿದೆ, ನೀಡಲ್ ಅಷ್ಟು ಮೇಲೆದ್ದು ಪೆಟ್ರೋಲ್ ಒಂಚೂರು ಜಾಸ್ತಿ ಬರೋ ಹಾಗೆ. ಮೊನ್ನೆ ಶ್ರೀರಂಗಪಟ್ಟಣದವರೆಗೆ ಹೋಗಿ ಬಂದು ಪ್ಲಗ್ ಬಿಚ್ಚಿದೆ, ಕಾಫಿಪುಡಿಗೆ ಹತ್ರ ಬಂದಿದೆ, ಚಿಕೋರಿ ಸ್ವಲ್ಪ ಜಾಸ್ತಿ ಇರೋ ಬಣ್ಣ. ಬೇಸಿಗೇಲಿ ಗಾಳಿ ತೆಳುವಾಗುತ್ತಲ್ಲ, ಆವಾಗ ಇನ್ನೊಂದ್ ಸಲ ಬಿಚ್ಚಿ ನೋಡ್ಬೇಕು.